ನನ್ನ ಚಪ್ಪಾಳೆಯ ವಿಚಾರ

ಸಮಿತಿಯ ಅಧ್ಯಕ್ಷರಿಗೆ ನಮಸ್ಕಾರ.

ನಾನೊಬ್ಬ ದರ್ಜಿ. ಹುಟ್ಟಿನಿಂದ ಕಿವಿ ಕೇಳಿಸದು. ನಮ್ಮಂಥವರಿಗಾಗಿ ಆಸ್ಪತ್ರೆ, ಕೋರ್ಟುಗಳಲ್ಲಿ ಸನ್ನೆ ಭಾಷೆ ಬಲ್ಲವರನ್ನು ನೇಮಿಸಬೇಕೆಂಬ ಸರ್ಕಾರದ ಶಿಫಾರಸಿನ ಮೇಲೆ ನೀವು ನಡೆಸಿದ ಸಾರ್ವಜನಿಕ ಚರ್ಚೆಗೆ ಅಂಗಡಿ ಮುಚ್ಚಿ ಬಂದಿದ್ದೆ. ಅಲ್ಲೇ ಸನ್ನೆ ಬಲ್ಲವರು ಯಾರೂ ಇರಲಿಲ್ಲ.

ಕೋಟು ತೊಟ್ಟವರೊಬ್ಬರು ಎದೆ ಮುಟ್ಟಿಕೊಂಡು ಮಾತಾಡಿದರು. ಜನರೆಲ್ಲ ಎದ್ದು ನಿಂತರು. ನಮ್ಮ ಕೆಲಸ ಆಯಿತು ಅಂದುಕೊಂಡು ನಾನೂ ಎದ್ದು, ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಮರುದಿನ ಪತ್ರಿಕೆಯಲ್ಲಿ ನನ್ನದೇ ಫೋಟೊ! ಕೆಳಗೆ ಅವರ ಮಾತು: "ಇವರಿಗೆಲ್ಲ ಮನೆಯವರು ಇದ್ದೇ ಇರ್ತಾರಲ್ರೀ, ಅವರೇ ಹೇಳ್ತಾರೆ. ಇದಕ್ಕೆ ಸರ್ಕಾರದ ದುಡ್ಡು ಯಾಕೆ ದಂಡ?"

ಅವರ ಕೋಟಿನ ಭುಜದ ಹೊಲಿಗೆಯೂ ಸೊಟ್ಟಗಿತ್ತು, ಅದಿರಲಿ.

ದಯವಿಟ್ಟು ನನ್ನ ಚಪ್ಪಾಳೆಯನ್ನು ಅವರ ಕಡೆಗೆ ಸೇರಿಸಬೇಡಿ. ಮುಂದಿನ ಸಭೆಗೆ ಸನ್ನೆ ಬಲ್ಲವರೊಬ್ಬರನ್ನು ಕರೆಸಿ. ನನಗೆ ಕುರ್ಚಿ ಇಲ್ಲದಿದ್ದರೂ ನಡೆಯುತ್ತದೆ, ನಿಂತೇ ನೋಡುತ್ತೇನೆ.

ಮನೆಯವರ ಮಾತು ಬಂದದ್ದಕ್ಕೆ ಇಷ್ಟು ಹೇಳುತ್ತೇನೆ. ನನ್ನ ಹೆಂಡತಿಗೆ ಕಿವಿ ಕೇಳಿಸುತ್ತಿತ್ತು. ಎಲ್ಲಿಗೆ ಹೋದರೂ ಪಕ್ಕದಲ್ಲಿ ಕೂತು, ಎಲ್ಲರ ಮಾತನ್ನೂ ಕೈಯಲ್ಲೇ ಹೇಳುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಅವಳಿದ್ದಿದ್ದರೆ ಅವತ್ತು ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿದ್ದಳು.

ನಿಮ್ಮ ಉತ್ತರಕ್ಕೆ ಕಾಯುವ,
ಫೋಟೊದಲ್ಲಿರುವ ದರ್ಜಿ