ಮುಂದಿನದು ಹಿಂದೆ, ಹಿಂದಿನದು ಮುಂದೆ

ರೀ,

ಬೈಕ್ ತೆಗೀಬೇಡಿ. ಕೀಲಿ ಹುಡುಕೋಕೆ ಮನೆ ತಲೆಕೆಳಗೆ ಮಾಡಬೇಡಿ, ಅದು ನನ್ನ ಬ್ಯಾಗಿನಲ್ಲಿದೆ.

ನಿನ್ನೆ ಚಕ್ರ ತೊಳೆದ ಮೇಲೆ ಗಾಳಿ ಅಳೆದು ಫೋನಿಗೆ ಹೇಳೋ ಸೆನ್ಸರ್ ಮುಚ್ಚಳ ಎರಡನ್ನೂ ಅದಲು ಬದಲು ಹಾಕಿದ್ದೀರಿ. ಮುಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಅಂತ ಫೋನ್ ಬಡ್ಕೊಂಡಾಗಲೆಲ್ಲ ಮುಂದಿನದಕ್ಕೇ ಪಂಪ್ ಹೊಡೆದಿರಿ. ಆ್ಯಪ್‌ನಲ್ಲಿ ಏರಿದ್ದು ಹಿಂದಿನ ಚಕ್ರದ ಅಂಕಿ. ಆಗಲಾದರೂ ಅನುಮಾನ ಬರಬೇಡವಾ? "ಈ ಆ್ಯಪ್ಪೇ ಸರಿ ಇಲ್ಲ ಕಣೇ" ಅಂತ ಅಲಾರಂ ಬಾಯಿ ಮುಚ್ಚಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಈಗ ಹೊರಡುವಾಗ ಎರಡೂ ಚಕ್ರ ಒತ್ತಿ ನೋಡಿದೆ. ಮುಂದಿನದು ಕಲ್ಲಿನ ಹಾಗಿದೆ. ಹಿಂದಿನದು ಹೆಬ್ಬೆರಳು ಒತ್ತಿದರೇ ಒಳಗೆ ಹೋಗುತ್ತೆ, ಮೊಳೆ ಚುಚ್ಚಿಕೊಂಡಿದೆ. ಕೀಳೋಕೆ ಹೋಗಬೇಡಿ. ಪಂಕ್ಚರ್ ಅಂಗಡಿಯವನಿಗೆ ಮನೆಗೇ ಬರೋಕೆ ಹೇಳಿದ್ದೀನಿ. ಮುಚ್ಚಳವನ್ನೂ ಅವನೇ ಹಾಕಲಿ, ನೀವು ದೂರ ನಿಂತು ನೋಡಿ.

ಹಾಲು ಕಾಯಿಸಿಟ್ಟಿದ್ದೀನಿ. ಪುಟ್ಟಿಯನ್ನು ಇವತ್ತು ಬಸ್ಸಿನಲ್ಲೇ ಸ್ಕೂಲಿಗೆ ಬಿಡಿ. ತಡವಾದರೆ ಆಗಲಿ, ಬೈಸಿಕೊಂಡರೆ ಸವೆದು ಹೋಗಲ್ಲ.

ನನ್ನನ್ನು ಬೈಯೋ ಮುಂಚೆ ಒಂದು ಸಲ ಹೊರಗೆ ಹೋಗಿ ಆ ಹಿಂದಿನ ಚಕ್ರ ಒತ್ತಿ ನೋಡಿ. ದಿನಾ ಅದರ ಮೇಲೆ ನಿಮ್ಮ ಅಂಗಿ ಹಿಡ್ಕೊಂಡು ಕೂರೋದು ಪುಟ್ಟಿ.