ಅತ್ತೆ ಪಾಸು ಮಾಡಿಸಿದ ಜೀಪು

ಗುರುವಾರ, ಫೆಬ್ರುವರಿ ೬

ಅಂತೂ ಜೀಪು ಪಾಸಾಯಿತು! ನಾಳೆ ಮಿರಜಿಗೆ ಹೋಗಿ ನಾದಿನಿಯ ಕೂಸನ್ನು ನೋಡಬೇಕು, ಹೊಗೆ ತಪಾಸಣೆಯ ಸರ್ಟಿಫಿಕೇಟ್ ನೋಡಿದರೆ ಅವಧಿ ಮುಗಿದಿತ್ತು. ಅತ್ತೆ ಶಿವಗಂಗವ್ವನವರನ್ನು ಕೂರಿಸಿಕೊಂಡು ಅಥಣಿಗೆ ನಾನೇ ಓಡಿಸಿಕೊಂಡು ಹೋದೆ. ತಪಾಸಣೆ ಮಾಡುವ ಧರೆಪ್ಪ ಸೈಲೆನ್ಸರಿನೊಳಗೆ ನಳಿಗೆ ತೂರಿಸಿ, ಎಕ್ಸಲರೇಟರನ್ನು ಪೂರ್ತಿ ಒತ್ತಲು ಹೇಳಿದ. ಕಪ್ಪು ಹೊಗೆ ಬುಸ್ಸೆಂದು ಬಂತು.

"ಫೇಲ್ ಆತ್ರಿ."

"ಇಷ್ಟು ವರ್ಷ ನಮ್ಮ ದ್ರಾಕ್ಷಿ ಹೊತ್ತ ಗಾಡಿ! ಫೇಲ್ ಹೆಂಗ ಆಗತೈತಿ?" ಅತ್ತೆ ರೇಗಿದರು.

"ಎಂಜಿನ್ನಿಗೆ ಗಾಳಿ ಸಾಲವಲ್ದ್ರಿ ಅವ್ವಾರ. ಗಾಳಿ ಕಮ್ಮಿ ಆದ್ರ ಡೀಸೆಲ್ ಅರ್ಧಾನ ಸುಡತೈತಿ, ಕರೇ ಹೊಗಿ ಬರತೈತಿ," ಎನ್ನುತ್ತ ಧರೆಪ್ಪ ಏರ್ ಫಿಲ್ಟರ್ ಬಿಚ್ಚಿ ತೋರಿಸಿದ. ತೋಟದ ಧೂಳೆಲ್ಲ ಅದರಲ್ಲಿ ಹೆಪ್ಪುಗಟ್ಟಿತ್ತು. ಪಕ್ಕದ ಅಂಗಡಿಯಿಂದ ಹೊಸದು ತಂದು ಹಾಕಿಸಿದೆ.

ಮತ್ತೆ ತಪಾಸಣೆ. ಈ ಸಲ ಹಿಂದೆ ನಿಂತು ಹೊಗೆ ನೋಡುವ ಆಸೆ ನನಗೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಇಳಿದು, "ಅತ್ತೀ, ನೀವ ಒತ್ರಿ," ಎಂದೆ. ಜೀವಮಾನದಲ್ಲೇ ಮೊದಲ ಸಲ ಸ್ಟೇರಿಂಗ್ ಮುಂದೆ ಕೂತ ಅತ್ತೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಜೋರಾಗಿ ಒತ್ತಿದರು. ಎಂಜಿನ್ ಗುಡುಗಿತು. ಹೊಗೆ ಕಾಣಲೇ ಇಲ್ಲ.

"ಪಾಸ್ ರೀ! ಸಾಕು, ಕಾಲ ತಗೀರಿ!" ಧರೆಪ್ಪ ಕೂಗಿದ.

ಅತ್ತೆ ಇನ್ನೊಮ್ಮೆ ಒತ್ತಿದರು. ನಾನು ನಗುತ್ತ ಹತ್ತಿರ ಹೋದರೆ ಇಳಿಯಲೊಲ್ಲರು.

"ಸೀಮಾ, ಇದರಾಗ ಬ್ರೇಕ್ ಯಾವ್ದ ಬೇ?"

ನಿದ್ದೆ ಎಳೆಯುತ್ತಿದೆ. ಆದರೂ ಅತ್ತೆಯ ಕೈಗೆ ಸ್ಟೇರಿಂಗ್ ಕೊಡಲು ಮಿರಜಿನ ದಾರಿಯಲ್ಲಿ ಖಾಲಿ ಬಯಲು ಎಲ್ಲಿ ಸಿಕ್ಕೀತು ಎಂದೇ ಯೋಚಿಸುತ್ತಿದ್ದೇನೆ. ಹಳ್ಳ ದಾಟಿದ ಮೇಲೆ ಎಡಕ್ಕೊಂದು...