ಗಟಾರದ ಬಾಯಿಯ ಹುಲ್ಲು

ಸೆಪ್ಟೆಂಬರ್ 3, ಬುಧವಾರ. ಬೆಳಿಗ್ಗೆ

ಇವತ್ತೂ ಎರಡು ಬಾಟಲಿ ನೀರು ತುಂಬಿಕೊಂಡೆ. ಒಂದು ಗಟಾರದ್ದು, ಇನ್ನೊಂದು ಹುಲ್ಲು ದಾಟಿ ಕೆರೆಗೆ ಇಳಿಯುವ ಜಾಗದ್ದು. ಮೊದಲನೆಯದು ಕರ್ರಗೆ. ಎರಡನೆಯದರ ಹಿಂದೆ ಪೇಪರ್ ಹಿಡಿದರೆ ಅಕ್ಷರ ಕಾಣುತ್ತದೆ. ಈ ಊರಲ್ಲಿ ಓದುವವರು ಯಾರು ಅನ್ನುವುದು ಬೇರೆ ಮಾತು.

ಎರಡು ವರ್ಷದ ಹಿಂದೆ ಗಟಾರದ ಬಾಯಿಗೆ ತಗ್ಗು ತೋಡಿಸಿ, ಖಡಿಕಲ್ಲು ತುಂಬಿಸಿ, ಬಬಲೇಶ್ವರದ ಕಾಲುವೆ ದಂಡೆಯಿಂದ ಜೊಂಡಿನ ಜಾತಿಯ ಆಪು ಹುಲ್ಲು ತಂದು ನೆಟ್ಟೆ. 'ಬಾಟನಿ ಮೇಡಮ್ಮಾರು ಗಟಾರದಾಗ ನಾಟಿ ಮಾಡ್ಯಾರ' ಅಂತ ನಕ್ಕವರೇ ಎಲ್ಲ. ಈಗ ಅವರೇ ಮೂಗು ಮುಚ್ಚದೆ ದಂಡೆ ಮೇಲೆ ವಾಕಿಂಗ್ ಮಾಡುತ್ತಾರೆ. ಗುಟ್ಕಾ ಚೀಟಿಯನ್ನು ಅದೇ ಹುಲ್ಲಿಗೆ ಎಸೆಯುತ್ತಾರೆ. ಥೂ.

ವಿಜಯಪುರದ ಬಸ್ಸು ತಪ್ಪಿತು. ಕಾಲೇಜಿಗೆ ಲೇಟು.

ಸೆಪ್ಟೆಂಬರ್ 10

ಕೆರೆ ಸಮಿತಿ ಮೀಟಿಂಗ್. ಅಧ್ಯಕ್ಷ ಶಿವಯೋಗೆಪ್ಪನಿಗೆ ಕಾರಂಜಿ ಬೇಕಂತೆ, ಬಣ್ಣದ ಲೈಟಿನದು.

'ಹುಲ್ಲಂದ್ರ ಹಾವು, ಸೊಳ್ಳಿ. ದಸರಾ ಮುಗದ ಮ್ಯಾಲ ಜೆಸಿಬಿಲೆ ತಗಸೂಣ್ರಿ ಮೇಡಮ್ಮಾರ. ಅಲ್ಲೇ ಕಾರಂಜಿ ಕುಂದ್ರಸೂಣು. ನೀರು ಗಾಳ್ಯಾಗ ಹಾರಿದ್ರ ತಾನ ಸ್ವಚ್ಛ ಆಗತೈತಿ.'

ಗಟಾರವನ್ನು ಮೇಲಕ್ಕೆ ಚಿಮ್ಮಿಸಿ ಊರ ಮೇಲೆ ಸಿಂಪಡಿಸುವ ಯೋಜನೆ! ಬೇರು ಹೊಲಸನ್ನು ಹಿಡಿಯುತ್ತದೆ, ಹುಲ್ಲು ಅದನ್ನು ಉಂಡು ಬೆಳೆಯುತ್ತದೆ, ಒಣಗುವ ಮೊದಲು ಕೊಯ್ದು ಹೊರಗೆ ಹಾಕಬೇಕು, ಇಲ್ಲವಾದರೆ ಕೊಳೆತು ಉಂಡದ್ದೆಲ್ಲ ಮತ್ತೆ ನೀರಿಗೆ... ಹೇಳಿದೆ. ಗೋಡೆಗೆ ಹೇಳಿದ್ದರೂ ನಡೆಯುತ್ತಿತ್ತು. ಕಾರಂಜಿಗೆ ಎಲ್ಲರೂ ಚಪ್ಪಾಳೆ. ನಮ್ಮ ಯಜಮಾನರೂ ಹೊಡೆದರು. ಗಾಂಧಿ ಚೌಕದ ಅವರ ಬಟ್ಟೆ ಅಂಗಡಿಗೆ ಶಿವಯೋಗೆಪ್ಪ ಹಳೇ ಗಿರಾಕಿಯಂತೆ.

ಸೆಪ್ಟೆಂಬರ್ 21, ಭಾನುವಾರ

ಸ್ವಲ್ಪ ಬಿಸಿಲು ಬಿತ್ತು. ಅತ್ತೆ ಹೊಳೆವ್ವನವರು ಟ್ರಂಕಿನ ಬಟ್ಟೆ ಎಲ್ಲ ಅಂಗಳದಲ್ಲಿ ಹರವಿದರು. ಅದೂ ಇತ್ತು, ರವಿಕೆಯ ಹಸಿರು ಖಣ. ನನ್ನ ಕುಬಸಕ್ಕೆ, ಸೀಮಂತಕ್ಕೆ ಅಂತ ಹತ್ತೊಂಬತ್ತು ವರ್ಷದ ಹಿಂದೆ ತಂದದ್ದು. ಐದನೇ ತಿಂಗಳಲ್ಲಿ ಹೊಟ್ಟೆ ಇಳಿದುಹೋಯಿತು, ಕುಬಸ ಆಗಲಿಲ್ಲ. ಆಮೇಲೆ ಬಸಿರು ನಿಲ್ಲಲೂ ಇಲ್ಲ.

ವರ್ಷಕ್ಕೊಮ್ಮೆ ಅದನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಒಣಹಾಕುತ್ತಾರೆ. ಬೇಕಂತಲೇ. ಬಾಯಲ್ಲಿ ಒಂದು ಮಾತಿಲ್ಲ, ಹಗ್ಗದ ಮೇಲೆ ಎಲ್ಲ ಹೇಳಿಬಿಡುತ್ತಾರೆ. ಎಂಥ ಮುದುಕಿ ಇದು.

ಅಕ್ಟೋಬರ್ 4

ಮಳೆ... ಮಳೆ. ತೊಗರಿ ಕೊಳೆತಿದೆ ಅಂತ ಊರೆಲ್ಲ ಗೋಳು. ಆಪಿನಲ್ಲಿ ಕಂದು ತೆನೆ ತುಂಬಿ ನಿಂತಿವೆ. ಕೊಯ್ಯಲು ಇದೇ ಹೊತ್ತು. ಆಳು ಕೇಳಿದರೆ 'ಗಟಾರದಾಗ ನಾವ್ ಇಳಿಯಾಂಗಿಲ್ರಿ' ಅಂತಾರೆ. ಅದೇ ಗಟಾರಕ್ಕೆ ಮನೆಯ ಹೊಲಸು ಬಿಡುವುದಕ್ಕೆ ಮಾತ್ರ ಸಂಕೋಚವಿಲ್ಲ.

ಅಕ್ಟೋಬರ್ 7, ಮಂಗಳವಾರ. ಸೀಗಿ ಹುಣ್ಣಿಮೆ. ಸಂಜೆ

ಶಿವಯೋಗೆಪ್ಪ ದಡ್ಡನಲ್ಲ, ಕಳ್ಳ. ಇವತ್ತು ಊರೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿರುತ್ತದೆ, ತಡೆಯುವವರಿಲ್ಲ ಅಂತಲೇ ಜೆಸಿಬಿ ತರಿಸಿದ. ಕಾಲೇಜಿಗೆ ರಜೆ ಇತ್ತು, ಸದ್ದು ಕೇಳಿ ಓಡಿದೆ. ಎರಡು ಬಾಟಲಿ ಹಿಡಿದು ಗಾಡಿಯ ಮುಂದೆ ನಿಂತೆ. 'ಬಾಜೂಕ ಸರೀರಿ ಮೇಡಮ್ಮಾರ, ನೀರು ನಾವೂ ನೋಡೇವಿ' ಅಂದ ಶಿವಯೋಗೆಪ್ಪ. ಡ್ರೈವರ್ ಸೈಫುದ್ದೀನ ಇಂಜಿನ್ ಏರಿಸಿದ.

ಆಗ ಅತ್ತೆ ಬಂದರು. ತಲೆ ಮೇಲೆ ಬುತ್ತಿ, ಹಿಂದೆ ಏಳೆಂಟು ಹೆಂಗಸರು. ಸೀಗಿ ಹುಣ್ಣಿಮೆಗೆ ತೆನೆ ಕಟ್ಟಿದ ಬೆಳೆ ಬಸುರಿ ಅಂತ ಲೆಕ್ಕ, ಅದಕ್ಕೆ ಬಯಕೆಯ ಅಡಿಗೆ ಉಣಿಸಬೇಕು. ಹೊಲದಲ್ಲಿ ಬೆಳೆಯೇ ಉಳಿದಿಲ್ಲ.

'ಈ ವರ್ಷ ತುಂಬಿ ನಿಂತದ್ದು ಇದೊಂದ ನೋಡ್ರೇ' ಅಂದರು ಅತ್ತೆ, ನನ್ನ ಆಪು ತೋರಿಸಿ.

ಗಟಾರದ ಹುಲ್ಲಿಗೆ ಬಸುರಿ ಪಟ್ಟ! ಕಡಬು, ಪುಂಡಿಪಲ್ಯ, ಮೊಸರನ್ನ ಎಲ್ಲ ನಾನು ಎರಡು ವರ್ಷ ಕಾಯ್ದ ನೀರಿಗೆ ಬೀಳುತ್ತದೆ. ನಾಲಿಗೆ ತುದಿಗೆ ಬಂದ ಬೈಗುಳ ನುಂಗಿದೆ. ಅಷ್ಟರಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ಗಟಾರಕ್ಕೆ ಇಳಿದರು. ಸೊಂಟದಿಂದ ಒಂದು ಗಂಟು ತೆಗೆದರು.

ಹಸಿರು ಖಣ.

ಒಂದು ಹಿಡಿ ಆಪಿಗೆ ಸುತ್ತಿ ಕಟ್ಟಿದರು. ಹಸಿರು ಬಳೆ ಏರಿಸಿದರು. ತಿರುಗಿ ಕೂಗಿದರು: 'ಸೈಫ್ಯಾ, ಕುಬಸಾ ಆದ ಬಸರಿ ಐತಿ. ಹಾಯಸ್ತಿ ಏನು ಗಾಡಿ?'

ಇಂಜಿನ್ ಬಂದ್ ಆಯಿತು. 'ನನ್ನ ಕೈಲೆ ಆಗೂದಿಲ್ರಿ ಸಾವಕಾರ್ರ' ಅಂದು ಸೈಫುದ್ದೀನ ಕೆಳಗೆ ಇಳಿದ. ಶಿವಯೋಗೆಪ್ಪ ಬೈಯಲು ಬಾಯಿ ತೆರೆದ. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಸೌಭಾಗ್ಯ ಕಡಬಿನ ಬುಟ್ಟಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕಾರು ಹತ್ತಿದ.

ಎಂ.ಎಸ್ಸಿ. ಮಾಡಿ ಎರಡು ವರ್ಷ ಬಾಟಲಿ ತುಂಬಿದೆ. ಜೆಸಿಬಿ ನಿಂತದ್ದು ಒಂದು ಕುಬಸದ ಖಣಕ್ಕೆ. ನಗಬೇಕೋ ಅಳಬೇಕೋ.

ದಾರಿಯಲ್ಲಿ ಹೇಳಿದೆ. 'ಅದನ್ನ ಕೊಯ್ಯಲೇಬೇಕ್ರಿ ಅತ್ತಿ. ಬಿಟ್ರ ಕೊಳತು ಕೆರಿ ಕೆಡತೈತಿ.' ಬೈಯುತ್ತಾರೆ ಅಂದುಕೊಂಡೆ.

'ಬಸರಿ ಅಂದ ಮ್ಯಾಲ ಹೆರಬೇಕಲ್ಲ ಚಂದ್ರವ್ವಾ? ಅದರ ದಿನಾ ತುಂಬಿದ್ದು ನಿನಗ ಗೊತ್ತು. ಎಂದು ಅಂತ ಹೇಳು. ಹೆಂಗಸರನ್ನ ನಾ ಕರಕೊಂಡ ಬರ್ತೇನಿ, ಕುಡಗೋಲು ಹಿಡಸ್ಕೊಂಡು.'

'ಆ ಖಣ ಯಾಕ ಕಟ್ಟಿದ್ರಿ?'

ನಿಂತರು. ತಲೆ ಮೇಲಿನ ಬುಟ್ಟಿ ಕೆಳಗಿಳಿಸಿದರು.

'ವರ್ಷಾ ಬಿಸಲಿಗಿ ಹಾಕಿ ಜ್ವಾಕಿ ಮಾಡಿದ್ನೆವ್ವಾ. ನಿನಗ ಬೇಕಾದಾಗ ನುಸಿ ತಿಂದಿತ್ತಂದ್ರ ಏನ್ ಕೊಡ್ಲಿ ಅಂತ. ಇನ್ನ ಎಷ್ಟ್ ದಿನಾ ಇಟ್ಕೊಳ್ಳಲಿ? ಇವತ್ತ ಅದೂ ನಿನ್ನ ಕೆಲಸಕ್ಕ ಬಂತು.'

ಹತ್ತೊಂಬತ್ತು ವರ್ಷ ನಾನು ಬೇರೆಯೇ ಓದಿಕೊಂಡಿದ್ದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಒಂದು ಸಲ ಬಾಯಿಬಿಟ್ಟು ಹೇಳಲು ಏನಾಗಿತ್ತು ಈ ಮುದುಕಿಗೆ.

ಅಕ್ಟೋಬರ್ 8. ಬೆಳಿಗ್ಗೆ

ಬಾಟಲಿ ತುಂಬಲು ಹೋದೆ. ಖಣದ ತುದಿ ಜಾರಿ ಗಟಾರದ ನೀರಿನಲ್ಲಿ ಬಿದ್ದಿತ್ತು. ಎತ್ತಿ, ಹಿಂಡಿ, ಮೇಲೆ ಕಟ್ಟಿದೆ. ಹಿಂದೆ ನೋಡಿದರೆ ದಂಡೆ ಮೇಲೆ ಅತ್ತೆ.

'ಎಂದವ್ವಾ ಕೊಯ್ಯೂದು?'

ಭಾನುವಾರ ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

'ಅತ್ತಿ, ಅದು ಹೆಣ್ಣಿತ್ರಿ' ಅಂದೆ. ಹೊಟ್ಟೆ ಇಳಿದ ಆವತ್ತು ನರ್ಸು ನನ್ನ ಕಿವಿಯಲ್ಲಷ್ಟೇ ಹೇಳಿದ್ದಳು. ಇಷ್ಟು ವರ್ಷ ಯಾರಿಗೂ... ನಮ್ಮ ಯಜಮಾನರಿಗೂ...

ಅತ್ತೆ ದಂಡೆ ಇಳಿದು ಬಂದು ನನ್ನ ಒದ್ದೆ ಕೈಯನ್ನು ತಮ್ಮ ಸೆರಗಿನಲ್ಲಿ ಒರೆಸಿದರು. 'ಭಾನುವಾರ ಕೊಯ್ಯೂಣ್ರಿ' ಅಂದೆ.